ಮುಂಡಗೋಡದ ಮಂದ್ರ ಸ್ವರ

ಹುಬ್ಬಳ್ಳಿಯಿಂದ ತಡಸ ದಾಟಿ ಶಿರಸಿಯತ್ತ ಹೋಗುವವರಿಗೆ ಮುಂಡಗೋಡದ ಟಿಬೆಟನ್ ಕಾಲೊನಿ ಹೊಸ ವಿಷಯವೇನಲ್ಲ. ಹೊಲಗಳ ನಡುವೆ ಎದ್ದು ನಿಂತ ಮಠಗಳು, ಕಡುಗೆಂಪು ಬಟ್ಟೆಯ ಲಾಮಾಗಳು, ಚಳಿಗಾಲ ಬಂತೆಂದರೆ ಪೇಟೆಗಳಲ್ಲಿ ಸ್ವೆಟರ್ ಮಾರಲು ಕೂರುವ ಹೆಂಗಸರು ಗಂಡಸರು – ನಮಗಿರುವ ಪರಿಚಯ ಬಹುಮಟ್ಟಿಗೆ ಇಷ್ಟೇ. ಆದರೆ ಮುಂಡಗೋಡವನ್ನು ಕಣ್ಣಾರೆ ಕಾಣದೆ, ಕೇವಲ ಕಿವಿಯಿಂದ ಬಲ್ಲವರು ಅಮೆರಿಕ, ಯುರೋಪುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಇಲ್ಲಿನ ಡ್ರೆಪುಂಗ್ ಲೋಸೆಲಿಂಗ್ ಮಠದ ಭಿಕ್ಷುಗಳ ಮಂತ್ರಪಠಣ ಕ್ಯಾಸೆಟ್ಟು, ಸಿ.ಡಿ.ಗಳ ಮೂಲಕ ಅವರ ಮನೆಗಳನ್ನು ತಲುಪಿದೆ. ನೆರೆಯವರಾದ ನಾವು ಮಾತ್ರ ಅದನ್ನು ಕೇಳಿದ್ದು ಕಡಿಮೆ.

ಮೊದಲ ಸಲ ಕೇಳುವವರಿಗೆ ಅದು ಮನುಷ್ಯನ ಧ್ವನಿಯೇ ಎಂಬ ಅನುಮಾನ ಬರುತ್ತದೆ. ನೆಲದಾಳದಿಂದ ಬಂದಂತಹ, ಗೂಳಿಯ ಗುಟುರಿನಂತಹ ಅತಿ ಮಂದ್ರ ಸ್ವರ. ಟಿಬೆಟನ್ನರು ಅದನ್ನು ‘ಝೋ’ದ ಧ್ವನಿ ಎಂದೇ ಕರೆಯುತ್ತಾರೆ, ಝೋ ಎಂದರೆ ಯಾಕ್ ಮತ್ತು ಹಸುವಿನ ಮಿಶ್ರತಳಿಯ ಪ್ರಾಣಿ. ಸ್ವಲ್ಪ ಹೊತ್ತು ಕಿವಿಗೊಟ್ಟರೆ ಆ ಮಂದ್ರದ ಮೇಲೆ ಇನ್ನೊಂದು ಎತ್ತರದ ಸ್ವರ ತೇಲುತ್ತಿರುವುದು ಗೊತ್ತಾಗುತ್ತದೆ. ಹಾಡುತ್ತಿರುವವರು ಇಬ್ಬರೋ ಮೂವರೋ ಎಂದು ಎಣಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಏಕೆಂದರೆ ಆ ಸ್ವರಗಳೆಲ್ಲ ಒಂದೇ ಗಂಟಲಿನಿಂದ ಹೊರಟಿರುತ್ತವೆ.

ಈ ಸಂಗತಿ ಹೊರಜಗತ್ತಿಗೆ ತಿಳಿದ ಬಗೆ ಸ್ವಾರಸ್ಯವಾದುದು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಹ್ಯೂಸ್ಟನ್ ಸ್ಮಿತ್ 1964ರಲ್ಲಿ ಹಿಮಾಚಲದ ಡಾಲ್‌ಹೌಸಿಯಲ್ಲಿ ಆಶ್ರಯ ಪಡೆದಿದ್ದ ಗ್ಯುತೊ ಮಠದ ಭಿಕ್ಷುಗಳ ಪಠಣ ಕೇಳಿದರು. ಇಗರ್ಜಿಯ ಮೇಳದಂತೆ ಬೇರೆ ಬೇರೆಯವರು ಬೇರೆ ಬೇರೆ ಸ್ವರ ಹಿಡಿದಿದ್ದಾರೆ ಎಂದೇ ಅವರು ಮೊದಲು ಭಾವಿಸಿದ್ದು. ಉಳಿದವರು ನಿಲ್ಲಿಸಿ ಒಬ್ಬರೇ ಮುಂದುವರಿಸಿದಾಗಲೂ ಸ್ವರಗಳ ಗುಂಪು ಹಾಗೆಯೇ ಉಳಿಯಿತು! ಸ್ಮಿತ್ ಅದನ್ನು ಧ್ವನಿಮುದ್ರಿಸಿಕೊಂಡು ಹೋಗಿ ತಮ್ಮ ಸಂಸ್ಥೆಯ ಧ್ವನಿವಿಜ್ಞಾನಿಗಳಿಗೆ ಕೇಳಿಸಿದರು. ಅವರು ಕೆನೆತ್ ಸ್ಟೀವನ್ಸ್ ಮತ್ತು ರೇಮಂಡ್ ಟಾಮ್ಲಿನ್ಸನ್ ಅವರೊಡನೆ ಸೇರಿ ಬರೆದ ಲೇಖನ 1967ರಲ್ಲಿ ಪ್ರಕಟವಾಯಿತು. ಆ ಪಠಣ ಎಲ್.ಪಿ. ರೆಕಾರ್ಡಾಗಿಯೂ ಹೊರಬಂತು. ಈ ಟಾಮ್ಲಿನ್ಸನ್ ಮುಂದೆ 1971ರಲ್ಲಿ ಗಣಕಜಾಲದ ಮೂಲಕ ಮೊದಲ ಇ-ಮೇಲ್ ಕಳಿಸಿ ಹೆಸರಾದವರು.

ಅವರು ಕಂಡುಕೊಂಡದ್ದು ಏನು? ಯಾವುದೇ ಸ್ವರ ಒಂಟಿಯಾಗಿ ಹುಟ್ಟುವುದಿಲ್ಲ. ಮೂಲಸ್ವರದ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳು ಅದರೊಡನೆ ಕ್ಷೀಣವಾಗಿ ಇದ್ದೇ ಇರುತ್ತವೆ. ಲಾಮಾಗಳು ಬಾಯಿ, ಗಂಟಲುಗಳ ಆಕಾರವನ್ನು ಹದಗೊಳಿಸಿ ಐದನೆಯ ಮತ್ತು ಹತ್ತನೆಯ ಉಪಸ್ವರಗಳನ್ನು ಎತ್ತಿ ಹಿಡಿಯುತ್ತಾರೆ. ಹಾಗಾಗಿ ಅವು ಪ್ರತ್ಯೇಕ ಸ್ವರಗಳಂತೆ ಕೇಳಿಸುತ್ತವೆ.

ಇದನ್ನು ಅರಿಯಲು ಧಾರವಾಡ ಸೀಮೆಯವರಿಗೆ ಪ್ರಯೋಗಶಾಲೆ ಬೇಕಿಲ್ಲ. ಮೀರಜದ ಒಳ್ಳೆಯ ತಂಬೂರಿಯನ್ನು ಶ್ರುತಿಗೂಡಿಸಿ ಮೀಟಿದಾಗ ಯಾರೂ ಕೂಡಿಸದ ಗಾಂಧಾರವೊಂದು ಖರ್ಜದ ತಂತಿಯಿಂದ ತಾನಾಗಿ ಮೂಡುತ್ತದೆ. ಅದಕ್ಕೆ ‘ಸ್ವಯಂಭೂ ಗಾಂಧಾರ’ ಎಂದು ಹೆಸರು. ಷಡ್ಜದ ಐದನೆಯ ಉಪಸ್ವರವೆಂದರೆ ಇದೇ. ತಂಬೂರಿಯಲ್ಲಿ ತಂತಿ ಮತ್ತು ಜವಾರಿ ಮಾಡುವ ಕೆಲಸವನ್ನು ಲಾಮಾ ತನ್ನ ಗಂಟಲಿನಲ್ಲಿ ಮಾಡುತ್ತಾನೆ. ಆದ್ದರಿಂದ ಈ ಮುದ್ರಿಕೆಗಳಲ್ಲಿ ರಾಗ, ಆಲಾಪ ಹುಡುಕಿದರೆ ನಿರಾಶೆ ಖಂಡಿತ. ಗವಾಯಿಯ ಹಿಂದಿನ ತಂಬೂರಿಯನ್ನು ಆಲಿಸುವಂತೆ ಆಲಿಸಿದರೆ ದಾರಿ ತೆರೆಯುತ್ತದೆ.

ಸ್ಮಿತ್ 1968ರಲ್ಲಿ ಈ ಕುರಿತು ಒಂದು ಚಿತ್ರ ಹೊರತಂದರು. ಅದರ ಹೆಸರು ‘ರಿಕ್ವಿಯಂ ಫಾರ್ ಎ ಫೇತ್’. ರಿಕ್ವಿಯಂ ಎಂದರೆ ಸತ್ತವರಿಗಾಗಿ ಹಾಡುವ ಶಾಂತಿಗೀತೆ. ಇಲ್ಲಿ ಅದು ಒಂದು ಧರ್ಮಕ್ಕೇ ಸಲ್ಲಿಸಿದ ಗೀತೆ. ಆ ಭಯ ಆಧಾರವಿಲ್ಲದ್ದಾಗಿರಲಿಲ್ಲ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದ ಮೇಲೆ ಅವರ ಹಿಂದೆ ಬಂದ ಸಾವಿರಾರು ನಿರಾಶ್ರಿತರಲ್ಲಿ ದೊಡ್ಡ ಮಠಗಳ ಭಿಕ್ಷುಗಳೂ ಇದ್ದರು. ಅವರಲ್ಲಿ ಸುಮಾರು ಒಂದೂವರೆ ಸಾವಿರ ಮಂದಿಗೆ ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ನೆಲೆ ಸಿಕ್ಕಿತು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಹಳೆಯ ಸೆರೆಮನೆ ಅದು. ಹಿಮದ ನಾಡಿನಿಂದ ಬಂದವರಿಗೆ ಅಲ್ಲಿನ ಸೆಕೆ ಒಗ್ಗಲಿಲ್ಲ. ಕ್ಷಯರೋಗಕ್ಕೆ ಅನೇಕರು ಬಲಿಯಾದರು. ಪಠಣ ಬಲ್ಲ ಹಿರಿಯನೊಬ್ಬ ಸತ್ತರೆ ಅವನೊಂದಿಗೆ ಒಂದು ವಿದ್ಯೆಯೂ ಹೋಗುವ ಕಾಲ ಅದು.

ಕಥೆ ಬೇರೆ ತಿರುವು ಪಡೆದದ್ದು ನಮ್ಮ ಉತ್ತರ ಕನ್ನಡದಲ್ಲಿ. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ, ಆಗಿನ ಮೈಸೂರು ರಾಜ್ಯದ ಮುಂಡಗೋಡದ ಬಳಿ ಟಿಬೆಟನ್ನರ ವಸಾಹತು ಆರಂಭವಾಯಿತು. 1969–70ರ ಸುಮಾರಿಗೆ ಗಾಡೆನ್ ಮತ್ತು ಡ್ರೆಪುಂಗ್ ಮಠಗಳ ಭಿಕ್ಷುಗಳು ಬಕ್ಸಾದಿಂದ ಇಲ್ಲಿಗೆ ಬಂದರು. ಗಾಡೆನ್ 1409ರಲ್ಲಿ, ಡ್ರೆಪುಂಗ್ 1416ರಲ್ಲಿ ಲ್ಹಾಸಾದ ಸಮೀಪ ಸ್ಥಾಪನೆಯಾದ ಮಹಾವಿದ್ಯಾಪೀಠಗಳು. ಅವುಗಳ ವಾರಸುದಾರರು ಇಲ್ಲಿ ಡೇರೆಗಳಲ್ಲಿ ವಾಸಿಸಿ, ಕಾಡು ಕಡಿದು, ಹೊಲ ಉತ್ತು, ಉಳಿದ ಹೊತ್ತಿನಲ್ಲಿ ಗ್ರಂಥಪಾಠ ನಡೆಸಿದರು.

ಪಠಣದ ವಿದ್ಯೆ ಪುಸ್ತಕದಿಂದ ಬರುವಂಥದ್ದಲ್ಲ. ‘ಯಾಂಗ್ ಯಿಗ್’ ಎಂಬ ಹೊತ್ತಗೆಗಳಲ್ಲಿ ಸ್ವರದ ಏರಿಳಿತವನ್ನು ಬಳುಕುವ ಗೆರೆಗಳಲ್ಲಿ ಬರೆದಿರುತ್ತಾರೆ, ನಿಜ. ಆದರೆ ಗೆರೆಯನ್ನು ಧ್ವನಿಯಾಗಿಸುವುದು ಗುರುಮುಖದಿಂದಲೇ ಕಲಿಯಬೇಕಾದದ್ದು. ಪಠಣದ ಮುಂದಾಳಿಗೆ ‘ಉಮ್ಜೆ’ ಎನ್ನುತ್ತಾರೆ. ಆತ ಹಿಡಿದ ಸ್ವರದ ಮೇಲೆ ಇಡೀ ಸಭೆ ನಿಲ್ಲುತ್ತದೆ. ಇಲ್ಲಿ ಶಾಸ್ತ್ರಾಧ್ಯಯನ ಮುಗಿಸಿ ಗೆಶೆ ಪದವಿ ಪಡೆದವರು ತಂತ್ರಾಧ್ಯಯನಕ್ಕೆ ಗ್ಯುತೊ ಮಠಕ್ಕೋ ಹುಣಸೂರು ಬಳಿಯ ಗ್ಯುಮೆ ಮಠಕ್ಕೋ ಹೋಗುತ್ತಾರೆ. ಹೀಗೆ ಟಿಬೆಟ್ಟಿನಲ್ಲಿ ಕಡಿದುಹೋದ ಮಠಮಠಗಳ ನಂಟು ಕರ್ನಾಟಕದ ನೆಲದಲ್ಲಿ ಮತ್ತೆ ಬೆಸೆಯಿತು.

1988ರಿಂದ ಲೋಸೆಲಿಂಗ್ ಭಿಕ್ಷುಗಳು ಪಠಣ, ನೃತ್ಯಗಳೊಂದಿಗೆ ವಿದೇಶಯಾತ್ರೆ ಕೈಗೊಂಡರು. ಮುದ್ರಿಕೆಗಳೂ ಬಂದವು. ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾದಲ್ಲಿ 1991ರಲ್ಲಿ ಮಠದ ಶಾಖೆಯೊಂದು ತೆರೆಯಿತು. ಇದೇ ಅಟ್ಲಾಂಟಾ ಮತ್ತೊಂದು ಭಕ್ತಿಗಾಯನಕ್ಕೆ ಹೆಸರಾದ ಊರು. ನಾಲ್ವರು ಗಂಡಸರು ನಾಲ್ಕು ಸ್ಥಾಯಿಗಳಲ್ಲಿ ಕ್ರೈಸ್ತ ಗೀತೆ ಹಾಡುವ ‘ಗಾಸ್ಪೆಲ್ ಕ್ವಾರ್ಟೆಟ್’ ಪರಂಪರೆಯ ಪ್ರಸಿದ್ಧ ತಂಡ ‘ಸ್ಟೇಟ್ಸ್‌ಮನ್’ 1948ರಲ್ಲಿ ಕಟ್ಟಿಕೊಂಡದ್ದು ಅಲ್ಲಿಯೇ. ಅಲ್ಲಿ ನಾಲ್ಕು ಗಂಟಲು ಕೂಡಿ ಕಟ್ಟುವ ಸ್ವರಮೇಳವನ್ನು ಇಲ್ಲಿ ಒಂದೇ ಗಂಟಲು ಕಟ್ಟುತ್ತದೆ. ಎರಡರ ಇತಿಹಾಸದಲ್ಲಿ ಹೋಲಿಕೆಯೂ ಇದೆ. ಟೆನೆಸಿಯ ಪ್ರಕಾಶಕ ಜೇಮ್ಸ್ ವಾನ್ 1910ರಲ್ಲಿ ತನ್ನ ಹಾಡಿನ ಪುಸ್ತಕಗಳನ್ನು ಮಾರಲೆಂದೇ ಮೊದಲ ವೃತ್ತಿಪರ ತಂಡವನ್ನು ಊರೂರಿಗೆ ಕಳಿಸಿದ. ಲಾಮಾಗಳು ಹೊರಟದ್ದು ಮಠದ ಖರ್ಚಿಗೆ ಹಣ ಕೂಡಿಸಲು, ತಮ್ಮ ನಾಡಿನ ಪಾಡು ತಿಳಿಸಲು. ಪೂಜೆಯನ್ನು ಪ್ರದರ್ಶನಕ್ಕೆ ಇಳಿಸಿದರೆಂಬ ಆಕ್ಷೇಪವನ್ನು ಎರಡೂ ಕಡೆಯವರು ಎದುರಿಸಬೇಕಾಯಿತು.

ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಮಠದಲ್ಲಿ ಈ ಪಠಣ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುತ್ತದೆ. ನಡುವೆ ಉದ್ದನೆಯ ಕಹಳೆ, ಶಹನಾಯಿಯನ್ನು ಹೋಲುವ ಗ್ಯಾಲಿಂಗ್, ತಾಳ, ನಗಾರಿಗಳ ಮೊಳಗು. ಧ್ಯಾನಿಸುವ ದೇವತೆ, ಕೈಮುದ್ರೆ, ಮಂತ್ರ ಎಲ್ಲ ಸೇರಿದರೆ ಆ ವಿಧಿ ಪೂರ್ಣ. ಎಲ್.ಪಿ.ಯ ಒಂದು ಮಗ್ಗುಲಿಗೆ ಹಿಡಿಸುವುದು ಅದರ ಒಂದು ತುಣುಕು ಮಾತ್ರ. ಪಶ್ಚಿಮದಲ್ಲಿ ಆ ತುಣುಕನ್ನು ನಿದ್ದೆ ಬರಲು, ದಣಿವಾರಿಸಿಕೊಳ್ಳಲು ಕೇಳುವವರೂ ಉಂಟು.

ಆದರೂ ಅರುವತ್ತರ ದಶಕದ ಆ ಟೇಪು ಒಂದು ಪಾಠ ಹೇಳುತ್ತದೆ. ಸಾಯಲಿರುವ ಧ್ವನಿಯನ್ನು ಉಳಿಸಿಕೊಂಡೆವೆಂದು ಸ್ಮಿತ್ ತಿಳಿದಿದ್ದರು. ಯಂತ್ರ ಉಳಿಸಿದ್ದು ಧ್ವನಿಯನ್ನು. ಹಾಡುವವರನ್ನು ಉಳಿಸಿದ್ದು ಹೊಲ, ಅಡುಗೆಮನೆ, ಪಾಠಶಾಲೆಗಳಿರುವ ಒಂದು ಊರು. 2008ರ ನಂತರ ಟಿಬೆಟ್ಟಿನಿಂದ ಬರುವ ಎಳೆಯರ ಸಂಖ್ಯೆ ತೀರ ಇಳಿದಿದೆ. ಲಡಾಖ್, ಅರುಣಾಚಲ, ನೇಪಾಳ, ಮಂಗೋಲಿಯಾ ಕಡೆಯ ಹುಡುಗರು ಮಠಗಳಿಗೆ ಬರುತ್ತಾರೆ. ಮುಂದೆ ಈ ಮಂದ್ರ ಸ್ವರ ಹಿಡಿಯುವವರು ಬಹುಶಃ ಟಿಬೆಟ್ ನೋಡಿರಲಾರರು. ಅವರ ಪಾಲಿಗೆ ಅದು ಮುಂಡಗೋಡದಲ್ಲಿ ಕಲಿತ ಸ್ವರವಾಗಿರುತ್ತದೆ.