ಕಲ್ಲು ಬಿಟ್ಟುಕೊಟ್ಟ ದಾರಿ

ನೆಲದಡಿಯ ಎಣ್ಣೆ ಎಂದೊಡನೆ ಅನೇಕರು ಪಾತಾಳದಲ್ಲೊಂದು ಕೆರೆಯನ್ನು ಕಲ್ಪಿಸಿಕೊಳ್ಳುತ್ತಾರೆ. ವಾಸ್ತವವಾಗಿ ಅದು ಶಿಲೆಯ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿರುತ್ತದೆ. ರಂಧ್ರಗಳಿದ್ದರೆ ಸಾಲದು; ಅವು ಒಂದಕ್ಕೊಂದು ಕೂಡಿ ದಾರಿಯಾಗಬೇಕು. ಹೀಗೆ ಹರಿಯಗೊಡುವ ಗುಣವೇ ಪಾರಗಮ್ಯತೆ. ಮಣ್ಣಿನ ಹೂಜಿ ಬೆವರುತ್ತದೆ, ಉಪ್ಪಿನಕಾಯಿಯ ಜಾಡಿ ಬೆವರುವುದಿಲ್ಲ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಈ ಗುಣವನ್ನು ಅಳೆಯಲು ಕಲಿಸಿದ್ದು ಕುಡಿಯುವ ನೀರು. ಫ್ರಾನ್ಸಿನ ದಿಜೋನ್ ನಗರಕ್ಕೆ ಚಿಲುಮೆಯ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು 1856ರಲ್ಲಿ ಪ್ರಕಟಿಸಿದನು. ಮುಂದೆ ಪಾರಗಮ್ಯತೆಯ ಮಾನಕ್ಕೆ ಅವನ ಹೆಸರೇ ನಿಂತಿತು. ಒಳ್ಳೆಯ ಮರಳುಶಿಲೆಯ ಪಾರಗಮ್ಯತೆ ಡಾರ್ಸಿಯ ಹತ್ತನೆಯ ಒಂದು ಪಾಲಿದ್ದರೆ, ಶೇಲ್ ಶಿಲೆಯದನ್ನು ಡಾರ್ಸಿಯ ನೂರು ಕೋಟಿಯಲ್ಲೊಂದು ಪಾಲಾದ ನ್ಯಾನೋಡಾರ್ಸಿಗಳಲ್ಲಿ ಎಣಿಸಬೇಕು.

ನುಣ್ಣನೆಯ ಕೆಸರು ಗಟ್ಟಿಯಾಗಿ ಆದ ಶಿಲೆ ಶೇಲ್. ಎಣ್ಣೆ, ಅನಿಲಗಳು ಹುಟ್ಟುವುದು ಬಹುಪಾಲು ಅದರೊಳಗೇ. ಆದರೂ ಅದು ಅವನ್ನು ಸುಲಭವಾಗಿ ಬಿಟ್ಟುಕೊಡದು. 1821ರಲ್ಲಿ ನ್ಯೂಯಾರ್ಕ್ ರಾಜ್ಯದ ಫ್ರೆಡೋನಿಯಾದಲ್ಲಿ ವಿಲಿಯಂ ಹಾರ್ಟ್ ತೋಡಿದ ಬಾವಿಗೆ ಶೇಲ್‌ನಿಂದ ಅನಿಲ ದೊರೆತದ್ದು ಸಹಜ ಬಿರುಕುಗಳ ಕೃಪೆಯಿಂದ. ಅನಂತರ ಶತಮಾನಕ್ಕೂ ಹೆಚ್ಚು ಕಾಲ ಶೋಧಕರು ಬಹುಮಟ್ಟಿಗೆ ಶೇಲನ್ನು ದಾಟಿ ಮರಳುಶಿಲೆ, ಸುಣ್ಣಶಿಲೆಗಳನ್ನೇ ಅರಸಿದರು.

ಗ್ರೀಕ್ ವಲಸಿಗನ ಮಗ ಜಾರ್ಜ್ ಮಿಚೆಲ್ 1981ರಲ್ಲಿ ಟೆಕ್ಸಾಸ್‌ನ ಬಾರ್ನೆಟ್ ಶೇಲ್‌ನಲ್ಲಿ ಕೊರೆಯತೊಡಗಿದನು. ಒತ್ತಡದ ದ್ರವದಿಂದ ಕಲ್ಲನ್ನು ಸೀಳಿ, ಬಿರುಕು ಮುಚ್ಚದಂತೆ ಮರಳು ತುಂಬುವ ವಿಧಾನ 1940ರ ದಶಕದಿಂದಲೇ ಇತ್ತು. ಆದರೆ ಬಳಸುತ್ತಿದ್ದ ಮಂದವಾದ ಅಂಟುದ್ರವ ದುಬಾರಿ. ಸಿಕ್ಕುವ ಅನಿಲ ಆ ವೆಚ್ಚಕ್ಕೆ ಸಾಲದು. ಹದಿನೇಳು ವರ್ಷಗಳ ಬಳಿಕ, 1998ರಲ್ಲಿ, ಅವನ ಸಂಸ್ಥೆಯ ಎಂಜಿನಿಯರ್ ನಿಕ್ ಸ್ಟೈನ್ಸ್‌ಬರ್ಗರ್ ಬಹುಪಾಲು ಬರಿಯ ನೀರನ್ನೇ ಬಳಸಿ ಯಶಸ್ವಿಯಾದನು. ಶೇಲ್‌ನ ಸ್ವಭಾವ ಬದಲಾಗಲಿಲ್ಲ; ಅನಿಲ ಸಾಗಬೇಕಾದ ದೂರ ಮಾತ್ರ ಕಡಿಮೆಯಾಯಿತು. ಇದಕ್ಕೆ ಅಡ್ಡಲಾಗಿ ಕೊರೆಯುವ ವಿದ್ಯೆಯೂ ಸೇರಿ, 2018ರಲ್ಲಿ ಅಮೆರಿಕವು ಕಚ್ಚಾತೈಲ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲಾಯಿತು.

ಈ ಗೆಲುವಿಗೆ ಬೆಲೆಯೂ ಇತ್ತು. ಬಾವಿಯೊಂದಕ್ಕೆ ಲಕ್ಷಾಂತರ ಲೀಟರ್ ನೀರು ಬೇಕು. ಮರಳಿ ಬರುವ ಕೊಳೆನೀರನ್ನು ಎಲ್ಲಿ ಬಿಡುವುದೆಂಬುದು ಜಟಿಲ ಪ್ರಶ್ನೆ. 2012ರಲ್ಲಿ ಮಿಚೆಲ್‌ನೇ ಈ ಉದ್ಯಮಕ್ಕೆ ಬಿಗಿಯಾದ ನಿಯಮಗಳು ಬೇಕೆಂದು ಬರೆದನು. 2014ರ ಡಿಸೆಂಬರಿನಲ್ಲಿ, ಹಾರ್ಟ್ ಬಾವಿ ತೋಡಿದ್ದ ಅದೇ ನ್ಯೂಯಾರ್ಕ್ ರಾಜ್ಯವು ಕಲ್ಲು ಸೀಳುವ ಈ ವಿಧಾನವನ್ನು ನಿಷೇಧಿಸುವ ನಿರ್ಧಾರ ಪ್ರಕಟಿಸಿತು.

ಊರಿಗೆ ಶುದ್ಧ ನೀರು ಕೊಡಲು ಹೊರಟವನ ಹೆಸರಿನಿಂದಲೇ ನಾವು ಕಲ್ಲಿನ ಬಿಗಿತನವನ್ನು ಅಳೆಯುತ್ತೇವೆ. ಕಲ್ಲನ್ನು ಸೀಳುವಾಗ ಆ ನೀರಿನ ಚಿಂತೆಯೂ ನಮ್ಮ ಲೆಕ್ಕದಲ್ಲಿರಬೇಕೆಂಬುದು ನನ್ನ ಅಭಿಪ್ರಾಯ.