ಶಿರಾ ಗೇಟಿಗೆ ಬಂದ ಪೆಂಗ್ವಿನ್ ಜೋಡಿ

ತುಮಕೂರಿನ ಶಿರಾ ಗೇಟ್ ಕಡೆ ನಾವು ಹುಡುಗರಾಗಿದ್ದಾಗ ಟಿವಿ ಗೇಮ್ ಅಂದ್ರೆ ಮಾರಿಯೋ, ಕಾಂಟ್ರಾ. "9999 ಇನ್ 1" ಅಂತ ಬರೆದ ಕ್ಯಾಸೆಟ್ಟು ಹಾಕಿದರೆ ಅವೇ ಹತ್ತಾರು ಆಟ ಮತ್ತೆ ಮತ್ತೆ! ಅವುಗಳ ನಡುವೆ ಯಾರೂ ಮುಟ್ಟದ ಒಂದು ವಿಚಿತ್ರ ಆಟವಿತ್ತು, 'ಬೈನರಿ ಲ್ಯಾಂಡ್'. ನಿಮ್ಮಲ್ಲಿ ಯಾರಾದರೂ ಆಡಿದ್ದೀರಾ? ಎರಡು ಪೆಂಗ್ವಿನ್. ಒಂದು ಬಲಕ್ಕೆ ಹೋದರೆ ಇನ್ನೊಂದು ತಾನಾಗೇ ಎಡಕ್ಕೆ. ಎರಡೂ ಒಟ್ಟಿಗೆ ಮೇಲಿನ ಪಂಜರದ ಹೃದಯ ತಲುಪಬೇಕು. ಒಂದು ಜೇಡರ ಬಲೆಗೆ ಸಿಕ್ಕಿದರೆ ಇನ್ನೊಂದು ಬಂದು ಬಿಡಿಸಬೇಕು. ಇಡೀ ಆಟ 40 ಕೆಬಿ ಮೀರದು... ನಮ್ಮ ಪ್ರಾಜೆಕ್ಟಿನ ಲೋಗೋ ಫೈಲೇ ಅದಕ್ಕಿಂತ ದೊಡ್ಡದು :-)

ಜಪಾನಿನ ಸಪ್ಪೊರೊದ ಹಡ್ಸನ್ ಸಾಫ್ಟ್ 1985ರಲ್ಲಿ ಇದನ್ನು ನಿಂಟೆಂಡೋದ ಫ್ಯಾಮಿಕಾಮ್‌ಗೆ ತಂದಿತು. ಫ್ಯಾಮಿಕಾಮ್ 1983ರದ್ದು, ನಮ್ಮ ಟಿವಿ ಗೇಮ್ ಪೆಟ್ಟಿಗೆಗಳು ಅದರ ನಕಲು. ಆಗ ಅಮೆರಿಕದ ಅಂಗಡಿಗೂ ಹೋಗದ ಆಟ ನಕಲಿ ಕ್ಯಾಸೆಟ್ಟಿನಲ್ಲಿ ಕೂತು ತುಮಕೂರಿಗೆ ಬಂತು ನೋಡಿ! ಹಾಗಾಗಿ ನಕಲು ಮಾಡಿದವರನ್ನು ಬೈಯಲು ನನಗೆ ಬಾಯಿ ಬರೋದಿಲ್ಲ. ಆದರೆ ಅವರು ಎಷ್ಟೋ ಆಟಗಳ ಮೊದಲ ಪರದೆಯಿಂದ ಕಂಪನಿಯ ಹೆಸರನ್ನೇ ಅಳಿಸಿಬಿಟ್ಟಿದ್ದರು. ನಮ್ಮ ಮಧ್ಯಾಹ್ನಗಳನ್ನೆಲ್ಲ ತಿಂದವರು ಯಾರು ಅಂತ ನಮಗೆ ಗೊತ್ತಾಗಲೇ ಇಲ್ಲ. ನಾನು ಹಡ್ಸನ್ ಬಗ್ಗೆ ಹುಡುಕಿ ಓದುವ ಹೊತ್ತಿಗೆ ಅದೂ ಇರಲಿಲ್ಲ. 2012ರಲ್ಲೇ ಕೊನಾಮಿಯೊಳಗೆ ಲೀನವಾಗಿತ್ತು. ಕಾಂಟ್ರಾ ಮಾಡಿದ ಅದೇ ಕೊನಾಮಿ.