ಗಣಿಯ ಲೈನು, ಹಳ್ಳಿಯ ಹಕ್ಕುಪತ್ರ: ಕೆಜಿಎಫ್–ಬಂಗಾರಪೇಟೆ ಸೀಮೆಯ ಸರ್ಕಾರಿ ಗೃಹಸಾಲ

ಕೋಲಾರ ಚಿನ್ನದ ಗಣಿ (ಕೆಜಿಎಫ್) ಪ್ರದೇಶದಲ್ಲಿ ಮನೆ ಎಂಬುದು ನೂರು ವರ್ಷಕ್ಕೂ ಹೆಚ್ಚು ಕಾಲ ನೌಕರಿಗೆ ಅಂಟಿಕೊಂಡಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ ಉತ್ತರ ಆರ್ಕಾಟ್, ಚಿತ್ತೂರು ಕಡೆಗಳಿಂದ ಕೂಲಿಕಾರರು ಕುಟುಂಬಸಮೇತ ಬಂದರು; ಅವರಲ್ಲಿ ಬಹುಪಾಲು ದಲಿತರು. ಮೊದಲಿಗೆ ಅವರಿಗೆ ಸಿಕ್ಕಿದ್ದು ಬಿದಿರುತಟ್ಟಿಯ ಗುಡಿಸಲು, ಆಮೇಲೆ ಸಾಲುಮನೆಗಳ ‘ಲೈನು’. ಒಂದು ಕೋಣೆ, ಒಲೆ ಹೂಡಲು ಒಂದಿಷ್ಟು ಜಾಗ. ನಲ್ಲಿ, ಶೌಚಾಲಯ ಸಾಲಿನವರಿಗೆಲ್ಲ ಸೇರಿ. ಪ್ಲೇಗಿನ ಕಾಲದ ಇಕ್ಕಟ್ಟು ತಗ್ಗಿಸಲು 20ನೇ ಶತಮಾನದ ಆರಂಭದಲ್ಲಿ ರಾಬರ್ಟ್‌ಸನ್‌ಪೇಟೆ ಬೆಳೆಯಿತು. ಆದರೂ ಗಣಿ ಕಾರ್ಮಿಕನ ಪಾಲಿಗೆ ಕೆಲಸ ಹೋದರೆ ಸೂರೂ ಹೋಗುವ ಸ್ಥಿತಿ ತಪ್ಪಲಿಲ್ಲ. ನೆಲ ತನ್ನದಲ್ಲದವನಿಗೆ ಅಡವಿಡಲು ಏನೂ ಇರಲಿಲ್ಲ. ಈ ಸೀಮೆಯ ಗೃಹಸಾಲದ ಕಥೆಯ ಬೇರು ಇಲ್ಲಿದೆ.

ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರ ಗಣಿ ಕಾರ್ಮಿಕರ ವಸತಿಗೆ ಕೈಹಾಕಿತು. ಕಲ್ಲಿದ್ದಲು, ಅಭ್ರಕದ ಗಣಿಗಳಿಗೆ 1940ರ ದಶಕದಲ್ಲೇ ಪ್ರತ್ಯೇಕ ಕಾರ್ಮಿಕ ಕಲ್ಯಾಣ ನಿಧಿಗಳಾದವು; ಮುಂದೆ ಕಬ್ಬಿಣದ ಅದಿರು, ಸುಣ್ಣಕಲ್ಲಿನವರಿಗೂ ಆದವು. ಚಿನ್ನದವರಿಗೆ ಅಂಥದ್ದು ಆಗಲಿಲ್ಲ. ಅವರ ಪಾಲಿಗಿದ್ದದ್ದು 1952ರ ಸಹಾಯಧನದ ಕೈಗಾರಿಕಾ ವಸತಿ ಯೋಜನೆ. ಅದರಲ್ಲಿ ಸಾಲವೂ ಸಹಾಯಧನವೂ ಸೇರಿದ್ದವು, ಆದರೆ ಹಣ ಹೋಗುತ್ತಿದ್ದುದು ರಾಜ್ಯಗಳಿಗೆ, ಮಾಲೀಕರಿಗೆ, ಸಹಕಾರ ಸಂಘಗಳಿಗೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಸೇರಿದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಒಡೆಯ ಬದಲಾದರೂ ಕ್ವಾರ್ಟರ್ಸ್ ಕ್ವಾರ್ಟರ್ಸ್ ಆಗಿಯೇ ಉಳಿಯಿತು.

ಸುತ್ತಲಿನ ಹಳ್ಳಿಗಳ ದಾರಿ ಬೇರೆ. ಈಚೆಗೆ ಪ್ರತ್ಯೇಕ ತಾಲ್ಲೂಕಾಗುವ ತನಕ ಕೆಜಿಎಫ್ ಬಂಗಾರಪೇಟೆ ತಾಲ್ಲೂಕಿನೊಳಗೇ ಇತ್ತು, ಆದರೆ ಲೆಕ್ಕಕ್ಕೆ ಅದು ಪಟ್ಟಣ. ಗ್ರಾಮೀಣ ವಸತಿಯ ಹಣವೆಲ್ಲ ಪಟ್ಟಣದ ಗಡಿಯಾಚೆಗೆ. 1957ರ ಗ್ರಾಮ ವಸತಿ ಯೋಜನೆ ಹಳ್ಳಿಗರಿಗೆ ಮನೆ ಕಟ್ಟಲು ಸಾಲ ಕೊಡುವ ಮೊದಲ ಕೇಂದ್ರ ಪ್ರಯತ್ನಗಳಲ್ಲೊಂದು. ದೇವರಾಜ ಅರಸರ ಕಾಲದ ಜನತಾ ಮನೆಗಳು, 1985ರ ಇಂದಿರಾ ಆವಾಸ್, 1991–92ರ ಆಶ್ರಯ ಯೋಜನೆ ಒಂದರ ಹಿಂದೊಂದು ಬಂದವು. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಕೇಂದ್ರದ ವಸತಿ ಹಣಕಾಸು ಸಂಸ್ಥೆ ಹುಡ್ಕೋದಿಂದ ಸಾಲ ಎತ್ತಿತು. ಅದಕ್ಕೆ ಖಾತರಿ ನಿಂತದ್ದು ರಾಜ್ಯ ಸರ್ಕಾರ. ಅಂದರೆ ಸರ್ಕಾರದ ಬೆಂಬಲ ದೊರೆತದ್ದು ನಿಗಮದ ಸಾಲಕ್ಕೆ. ಬ್ಯಾಂಕಿನ ಮುಂದೆ ನಿಂತ ಹಳ್ಳಿಗನಿಗೆ ಅಂಥ ಜಾಮೀನು ಇರಲಿಲ್ಲ. ಆಶ್ರಯ ಸಾಲದ ವಸೂಲಿ ಸೊರಗಿತು, ಕೊನೆಗೆ ಬಾಕಿ ಮನ್ನಾ ಆಯಿತು.

1999ರಲ್ಲಿ ಕೇಂದ್ರ ತಂದ ಸಾಲ-ಸಹಾಯಧನ ಯೋಜನೆ ಮಧ್ಯದ ದಾರಿ ಹಿಡಿದಿತ್ತು: ವರ್ಷಕ್ಕೆ 32,000 ರೂಪಾಯಿವರೆಗೆ ಆದಾಯವಿರುವ ಗ್ರಾಮೀಣ ಕುಟುಂಬಕ್ಕೆ 10,000 ಸಹಾಯಧನ, 40,000ದವರೆಗೆ ಸಾಲ. ಯೋಚನೆ ಚೆನ್ನಾಗಿತ್ತು, ಬಾಳಲಿಲ್ಲ. ಕೆಲವೇ ವರ್ಷಗಳಲ್ಲಿ ಇಂದಿರಾ ಆವಾಸ್‌ನಲ್ಲಿ ಲೀನವಾಯಿತು. 2016ರ ಪ್ರಧಾನಮಂತ್ರಿ ಆವಾಸ್ ಯೋಜನೆ–ಗ್ರಾಮೀಣದಲ್ಲಿ ಬಯಲುಸೀಮೆಯ ಮನೆಗೆ 1.20 ಲಕ್ಷ ನೆರವು ನಿಗದಿಯಾಯಿತು. ಬೇಕೆಂದವರಿಗೆ 70,000ದವರೆಗೆ ಬ್ಯಾಂಕ್ ಸಾಲಕ್ಕೂ ಅವಕಾಶವಿತ್ತು. ನೆರವು ಕಂತಿನಲ್ಲಿ ಬರುತ್ತದೆ: ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತಕ್ಕೂ ಫೋಟೊ ತೆಗೆದು ಏರಿಸಬೇಕು. ಕಂತು ತಡವಾದರೆ ಇಟ್ಟಿಗೆ, ಸಿಮೆಂಟಿಗೆ ಕೈಸಾಲವೇ ಗತಿ.

ಬ್ಯಾಂಕ್ ಸಾಲ ಕೇಳಿದವನಿಗೆ ಎದುರಾಗುವ ಮೊದಲ ಪ್ರಶ್ನೆ ದಾಖಲೆಯದು. ಗ್ರಾಮಠಾಣಾದೊಳಗಿನ ಮನೆಗೆ ಪಂಚಾಯಿತಿಯ ನಮೂನೆ 9 ಮತ್ತು 11 ಬೇಕು. 2013ರಿಂದ ಅವು ಇ-ಸ್ವತ್ತು ತಂತ್ರಾಂಶದ ಮೂಲಕ ಸಿಗುತ್ತಿವೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡವರು ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಸಕ್ರಮಕ್ಕೆ ಅರ್ಜಿ ಹಾಕಬೇಕು. ಅಜ್ಜನ ಹೆಸರಿನಲ್ಲೇ ಖಾತೆ ಉಳಿದ, ಭಾಗಪತ್ರವಾಗದ ಮನೆಗೆ ಯಾವ ಮ್ಯಾನೇಜರೂ ಸುಲಭಕ್ಕೆ ಸಹಿ ಹಾಕುವುದಿಲ್ಲ. ಹಳ್ಳಿಯವರಿಗೆ ಇಷ್ಟು ತೊಡಕಿದ್ದರೂ ದಾರಿಯೊಂದು ಇದೆ. ಲೈನಿನವರಿಗೆ ಅದೂ ಕಷ್ಟವಾಯಿತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋಯಿತು, ಆದರೆ ಜನ ಲೈನು ಬಿಟ್ಟು ಹೋಗಲಿಲ್ಲ. ತಗಡಿನ ಶೀಟು ಹೊದಿಸಿ ಕೋಣೆ ಹಿಗ್ಗಿಸಿಕೊಂಡರು, ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ವಾಸದ ಮನೆಯ ಒಡೆತನ ಕೊಡಿ ಎಂಬುದು ಮಾಜಿ ಕಾರ್ಮಿಕರ ಮುಖ್ಯ ಬೇಡಿಕೆಗಳಲ್ಲೊಂದಾಯಿತು. ಗ್ರಾಮೀಣ ಯೋಜನೆಗಳು ನಗರಸಭೆಯ ಗಡಿಯೊಳಗೆ ನಡೆಯುವುದಿಲ್ಲ. ಬ್ಯಾಂಕ್ ಸಾಲಕ್ಕೆ ಮನೆಯ ಪತ್ರ ಬೇಕು. ಗಣಿ ಕಂಪನಿಯ ನೆಲದ ಮೇಲಿನ ಮನೆಗೆ ನಿವಾಸಿಯ ಹೆಸರಿನಲ್ಲಿ ನೋಂದಾಯಿತ ಪತ್ರವಾಗದ ಹೊರತು ಅದನ್ನು ಅಡವಿಟ್ಟು ಗೃಹಸಾಲ ಪಡೆಯುವಂತಿಲ್ಲ.